ಉಪ್ಪು ನೋಡಿ ಹೇಳುವವರು

ಒಲೆಯ ಮುಂದೆ ನಿಂತರೆ ನನ್ನ ಬಲಗೈಗೆ ಒಂದು ಚಾಳಿ. ಸಾರು ಒಂದು ಕುದಿ ಬಂದ ಕೂಡಲೇ ಅದು ಚಮಚದಲ್ಲಿ ಒಂದಿಷ್ಟು ತೆಗೆದು ಎಡಕ್ಕೆ ಚಾಚುತ್ತದೆ. ಬೇಡ ಎಂದು ನನಗೆ ನೆನಪಾಗುವಷ್ಟರಲ್ಲಿ ಚಾಚಿಯಾಗಿರುತ್ತದೆ. ಎಡಕ್ಕೆ ಇರುವುದು ಫ್ರಿಜ್. ಅದಕ್ಕೆ ಬಾಯಿ ಇದೆ, ಆದರೆ ಸಾರು ಕುಡಿಯುವ ಬಾಯಲ್ಲ. ಹಾಗಾಗಿ ಸಾರು ನೆಲಕ್ಕೆ ಚೆಲ್ಲುತ್ತದೆ, ನಾನು ಬಟ್ಟೆ ತಂದು ಒರೆಸುತ್ತೇನೆ. ನಮ್ಮ ಅಡುಗೆಮನೆಯ ಆ ಜಾಗದ ಟೈಲ್ಸು ಈಗ ಉಳಿದವಕ್ಕಿಂತ ಬೆಳ್ಳಗಿದೆ.

ಒಲೆಗೂ ಫ್ರಿಜ್ಜಿಗೂ ನಡುವೆ ಒಬ್ಬರು ನಿಲ್ಲುವಷ್ಟು ಸ್ಥಳವಿದೆ. ಅಲ್ಲಿ ನನ್ನ ಗಂಡ ಸ್ಟೀವ್ ನಿಲ್ಲುತ್ತಿದ್ದ. ಕಳೆದ ಏಪ್ರಿಲ್‌ನಲ್ಲಿ ತೀರಿಕೊಂಡ.

ಗಂಡನನ್ನು ‘ಅವನು’ ಅನ್ನುತ್ತಾಳಲ್ಲ ಎಂದು ನಿಮಗೆ ಅನ್ನಿಸಬಹುದು. ತಿಪಟೂರಿನಲ್ಲಿ ನಮ್ಮಮ್ಮ ಅಪ್ಪನ ಹೆಸರನ್ನು ರೇಷನ್ ಅಂಗಡಿಯಲ್ಲಿ ಕೂಡ ಹೇಳಿದವಳಲ್ಲ. ಪಕ್ಕದಲ್ಲಿ ನಿಂತ ನನ್ನನ್ನು ಮೊಣಕೈಯಿಂದ ತಿವಿದು ನನ್ನ ಬಾಯಲ್ಲಿ ಹೇಳಿಸುತ್ತಿದ್ದಳು. ನಾನೂ ಮದುವೆಯಾದ ಹೊಸದರಲ್ಲಿ ‘ರೀ’ ಎಂದೇ ಕರೆದು ನೋಡಿದೆ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವನು ‘ರೀ’ ಅಂದರೆ ತಿರುಗುತ್ತಾನೆಯೆ? ಸೂಪರ್ ಮಾರ್ಕೆಟ್ಟಿನಲ್ಲಿ ನಾನು ‘ರೀ, ರೀ’ ಎಂದು ಹಿಂದೆ ಹಿಂದೆ ಹೋದರೆ ಆಚೆ ಸಾಲಿನಲ್ಲಿದ್ದ ಯಾರೋ ಕನ್ನಡದ ಅಂಕಲ್ ಗಾಬರಿಯಾಗಿ ತಿರುಗಿ ನೋಡಿದರು. ಇವನು ಟೊಮೇಟೊ ಆರಿಸುತ್ತಲೇ ಇದ್ದ. ಅವತ್ತಿನಿಂದ ಹೆಸರು ಹಿಡಿದೇ ಕರೆದೆ. ಅಭ್ಯಾಸವಾಗಿಹೋಯಿತು. ಸತ್ತವರಿಗೆ ಬಹುವಚನ ಕೊಡುವುದು ವಾಡಿಕೆ ಎಂದು ಅಕ್ಕ ಹೇಳುತ್ತಾಳೆ. ನನಗೆ ಬರುವುದಿಲ್ಲ. ಬಹುವಚನ ಕೊಟ್ಟರೆ ಅವನು ಇನ್ನೂ ಒಂದು ಮೈಲಿ ದೂರ ಹೋದಂತೆ ಅನ್ನಿಸುತ್ತದೆ.

ಅಮ್ಮನ ಮಾತು ಬಂತು. ಅಮ್ಮ ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ದೇವರಿಗೆ ನೈವೇದ್ಯವಾಗುವ ತನಕ ಅದು ಯಾರ ನಾಲಿಗೆಗೂ ಸೋಕುವಂತಿಲ್ಲ, ಮಾಡಿದವಳ ನಾಲಿಗೆಗೂ. ಹಾಗಾದರೆ ಉಪ್ಪು ಸರಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದರೆ, “ವಾಸನೆ ಬರುತ್ತೆ ಕಣೇ. ಮೂಗೇನು ಬಾಡಿಗೆಗೆ ಕೊಟ್ಟಿದೀಯಾ?” ಅನ್ನುತ್ತಿದ್ದಳು. ಪಾತ್ರೆಯ ಮುಚ್ಚಳ ಸರಿಸಿ ಹಬೆಯನ್ನು ಅಂಗೈಯಿಂದ ಮುಖದ ಕಡೆಗೆ ಬೀಸಿಕೊಳ್ಳುವಳು. ಕಣ್ಣು ಮುಚ್ಚುವಳು. ಆಮೇಲೆ ಉಪ್ಪಿನ ಮರಿಗೆಗೆ ಕೈ ಹಾಕುವಳು, ಇಲ್ಲವೇ ಹಾಕದೆ ಮುಚ್ಚಳ ಮುಚ್ಚುವಳು. ಉಪ್ಪು ಕಮ್ಮಿಯಾದ ಹುಳಿಯ ವಾಸನೆ ಮಂಕಾಗಿ ಪಾತ್ರೆಯಲ್ಲೇ ಕೂತಿರುತ್ತದೆ, ಸರಿಯಾದದ್ದು ಎದ್ದು ಬರುತ್ತದೆ ಎಂಬುದು ಅವಳ ಲೆಕ್ಕ. ನಾನೂ ಹಾಗೇ ಕಲಿತೆ. ತಪ್ಪಿದರೂ ಯಾರೂ ಹೇಳುವಂತಿರಲಿಲ್ಲ ಎನ್ನುವುದು ಬೇರೆ ಮಾತು. ದೇವರು ಉಂಡದ್ದಕ್ಕೆ ಮನುಷ್ಯರು ಹೆಸರಿಡಬಾರದು. ನಮ್ಮಪ್ಪ ಸಪ್ಪೆ ಪಲ್ಯವನ್ನೂ ಉಪ್ಪಾದ ಸಾರನ್ನೂ ಒಂದೇ ಮುಖ ಇಟ್ಟುಕೊಂಡು ಉಂಡು ಎದ್ದವರು.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಹಿಲ್ಸ್‌ಬರೋದಲ್ಲಿದ್ದ ಅಕ್ಕ ಬಾಣಂತನಕ್ಕೆಂದು ಕರೆಸಿಕೊಂಡಳು. ಆ ಚಳಿಗಾಲ ಅವಳ ಮನೆಯ ಹೀಟರ್ ಕೆಟ್ಟಿತು. ರಿಪೇರಿಗೆ ಬಂದವನು ಸ್ಟೀವ್. ಅವನು ಕೆಳಗೆ ಬೇಸ್‌ಮೆಂಟಿನಲ್ಲಿ ಕೆಲಸ ಮಾಡುತ್ತಿದ್ದ, ನಾನು ಮೇಲೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಿಟಕಿ ತೆಗೆಯುವಂತಿಲ್ಲ, ಹೊರಗೆ ಹಿಮ. ಒಣಮೆಣಸಿನಕಾಯಿ ಸೀದು, ಸ್ಮೋಕ್ ಅಲಾರಂ ಬಡಿದುಕೊಳ್ಳತೊಡಗಿ, ಮಗು ಎದ್ದು ಕಿರುಚಿ, ಸ್ಟೀವ್ ತನ್ನಿಂದಲೇ ಏನೋ ಆಯಿತೆಂದು ಸ್ಪ್ಯಾನರ್ ಹಿಡಿದು ಮೇಲೆ ಓಡಿಬಂದ. ನನ್ನನ್ನು ನೋಡಿದ, ಬಾಣಲೆ ನೋಡಿದ, ಕೆಮ್ಮಿದ. ಅಕ್ಕ ನಾಚಿಕೆಗೆ ಅವನಿಗೆ ಒಂದು ತಟ್ಟೆ ಅನ್ನ ಸಾರು ಕೊಟ್ಟಳು. ನಿಂತುಕೊಂಡೇ ತಿಂದು, “ಚೆನ್ನಾಗಿದೆ. ಉಪ್ಪು ಸ್ವಲ್ಪ ಬೇಕು,” ಅಂದ.

ಅಕ್ಕ ಕನ್ನಡದಲ್ಲಿ ಸಿಡುಕಿದಳು: “ಹೀಟರ್ ರಿಪೇರಿಗೆ ಬಂದೋನು ಸಾರು ರಿಪೇರಿ ಮಾಡ್ತಾನಲ್ಲೇ!”

ನಾನು ಉಪ್ಪು ತಂದು ಹಾಕಿದೆ. ಕಲಸಿ ತಿಂದು ತಲೆ ಆಡಿಸಿದ. ನನ್ನ ಅಡುಗೆಯ ಬಗ್ಗೆ ಒಬ್ಬರು ನನಗೆ ನಿಜ ಹೇಳಿದ್ದು ಅದೇ ಮೊದಲು. ಜನ ಇದಕ್ಕಿಂತ ಸಣ್ಣ ಕಾರಣಕ್ಕೂ ಮದುವೆಯಾಗುತ್ತಾರೆ. ಮುಂದಿನದನ್ನು, ಅಕ್ಕನ ಅಳು, ಭಾವನ ಉಪದೇಶ, ತಿಪಟೂರಿನ ಮೌನ, ಎಲ್ಲವನ್ನೂ ನೀವೇ ಊಹಿಸಿಕೊಳ್ಳಿ.

ಸ್ಟೀವ್‌ನ ತಂದೆ ಪೋಲೆಂಡಿನ ಕಡೆಯವರು, ತಾಯಿ ಇಟಲಿಯ ಕಡೆಯವರು. ಇಬ್ಬರೂ ಹುಟ್ಟಿದ್ದು ಇಲ್ಲಿಯೇ. ಇದ್ದದ್ದು ಪಕ್ಕದ ಮ್ಯಾನ್‌ವಿಲ್‌ನಲ್ಲಿ, ಹಲಗೆಯ ಪುಟ್ಟ ಮನೆ. ನನಗೆ ಅವರು ಮಾವ, ಅತ್ತೆ. ಮೊದಲ ವರ್ಷದ ಕ್ರಿಸ್‌ಮಸ್ಸಿಗೆ ಅಲ್ಲಿಗೆ ಹೋಗಬೇಕು ಎಂದಾಗ ನಾನು ಹೆದರಿದೆ. ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ಸ್ಟೀವ್ ಸಮಾಧಾನ ಹೇಳಿದ: “ಹಬ್ಬದ ಹಿಂದಿನ ಸಂಜೆ ಮಾಂಸ ಮಾಡೋದೇ ಇಲ್ಲ. ಅಪ್ಪನ ಕಡೇಲೂ ಇಲ್ಲ, ಅಮ್ಮನ ಕಡೇಲೂ ಇಲ್ಲ. ಉಪವಾಸ.” ನನಗೆ ಹೋದ ಜೀವ ಬಂತು. ಅಕ್ಕನಿಗೆ ಫೋನ್ ಮಾಡಿ, “ನಮ್ಮ ಏಕಾದಶಿ ಇದ್ದ ಹಾಗೇ ಕಣೆ,” ಎಂದು ಹೆಮ್ಮೆಯಿಂದ ಹೇಳಿದೆ. ಅವಲಕ್ಕಿ, ಬಾಳೆಹಣ್ಣು ಇರಬಹುದು ಅಂದುಕೊಂಡೆ.

ಅತ್ತೆಯ ಅಡುಗೆಮನೆಗೆ ಕಾಲಿಟ್ಟರೆ ಸಿಂಕಿನ ತುಂಬ ಬೆಳ್ಳನೆಯ ಏನೋ, ಬಾಲ ಬಾಲವಾಗಿ ಜೋತಾಡುತ್ತಿತ್ತು. ಒಲೆಯ ಮೇಲೆ ಚಿಪ್ಪುಗಳು ಬಾಯಿ ಬಿಡುತ್ತಿದ್ದವು. ಬೆರಳುದ್ದದ ಮೀನುಗಳು ಹಿಟ್ಟು ಮೆತ್ತಿಕೊಂಡು ಸಾಲಾಗಿ ಮಲಗಿದ್ದವು.

“ಮಾಂಸ ಇಲ್ಲ ಅಂದ್ರಲ್ಲ?” ಎಂದು ನಾನು ಹೇಗೋ ಕೇಳಿದೆ.

ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಕ್ಕರು. “ಹನಿ, ಇದು ಮಾಂಸ ಅಲ್ಲ. ಫಿಶ್!”

ಅವರ ತಾಯಿಯ ಮನೆಯಲ್ಲಿ, ನೇಪಲ್ಸಿನ ಹತ್ತಿರದ ಯಾವುದೋ ಹಳ್ಳಿಯವರಂತೆ, ಆ ಸಂಜೆಗೆ ಏಳು ಬಗೆಯ ಮೀನಾಗಬೇಕು. ಮಾವನ ಕಡೆ ಹನ್ನೆರಡು ಪದಾರ್ಥವಾಗಬೇಕು: ಬೀಟ್ರೂಟಿನ ತಿಳಿಸಾರು, ಎಲೆಕೋಸು, ಆಲೂಗಡ್ಡೆ ತುಂಬಿದ ಕಡುಬು, ಗಸಗಸೆ ಹಾಕಿದ ಸಿಹಿ, ಹೀಗೆ. ಮದುವೆಯಾದ ದಿನದಿಂದ ಇಬ್ಬರಿಗೂ ಇದೇ ಜಗಳ.

“ಏಳು ಸಾಕು,” ಅತ್ತೆ ಅನ್ನುವರು.

“ಯೇಸುವಿನ ಶಿಷ್ಯರು ಏಳು ಜನಾನಾ?” ಮಾವ ಕೇಳುವರು.

“ಶಿಷ್ಯರಿಗೆ ಅಡುಗೆ ಮಾಡಿದೋಳು ನಾನಲ್ಲ. ನಿಂಗೆ ಮಾಡೋಳು ನಾನು.”

ಕೊನೆಗೆ ರಾಜಿಯಾಗಿ, ಅತ್ತೆ ಮೀನುಗಳನ್ನು ಮಾತ್ರ ಎಣಿಸುತ್ತಿದ್ದರು, ಮಾವ ಮೇಜಿನ ಮೇಲೆ ಇರುವುದನ್ನೆಲ್ಲ ಎಣಿಸುತ್ತಿದ್ದರು. ಬ್ರೆಡ್ಡೂ ಒಂದು, ಬೆಣ್ಣೆಯೂ ಒಂದು. ಎರಡನೆಯ ವರ್ಷದಿಂದ ನನ್ನ ಹೊಟ್ಟೆಪಾಡಿಗೆಂದು ನಾನು ಚಿತ್ರಾನ್ನ ಮಾಡಿಕೊಂಡು ಹೋಗತೊಡಗಿದೆ. ಮಾವ ಅದನ್ನು ಬಹಳ ಗೌರವದಿಂದ ಹನ್ನೆರಡನೆಯದೆಂದು ಎಣಿಸಿದರು. ಹನ್ನೆರಡನೆಯ ಶಿಷ್ಯನೇ ಯೇಸುವನ್ನು ಹಿಡಿದುಕೊಟ್ಟವನು ಎಂದು ನನಗೆ ಆಮೇಲೆ ಗೊತ್ತಾಯಿತು. ಆಗಲೇ ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದದ್ದು ಯಾಕೆಂದೂ ಗೊತ್ತಾಯಿತು.

ಆ ಮೊದಲ ಸಂಜೆ ನಾನು ಮಾಡಿದ ಎಡವಟ್ಟನ್ನು ಹೇಳಲೇಬೇಕು. ಊಟದ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದರು. ಅದರ ಮುಂದೆ ಕುರ್ಚಿಯೂ ಇತ್ತು, ಲೋಟವೂ ಇತ್ತು, ಕೂರುವವರು ಮಾತ್ರ ಇರಲಿಲ್ಲ. ಯಾರಿಗೆ ಎಂದು ಸ್ಟೀವ್‌ನನ್ನು ಕೇಳಿದರೆ, “ಇಲ್ಲದವರಿಗೆ,” ಅಂದ. ನನಗೆ ಅರ್ಥವಾಯಿತು. ನಮ್ಮಲ್ಲೂ ಪಿತೃಪಕ್ಷದಲ್ಲಿ ಹೋದವರಿಗೆ ಎಡೆ ಇಡುತ್ತೇವಲ್ಲ! ಎಲ್ಲರೂ ಕಿಟಕಿಯ ಹತ್ತಿರ ನಿಂತು ಆಕಾಶದಲ್ಲಿ ಮೊದಲ ನಕ್ಷತ್ರ ಬಂತೇ ಎಂದು ನೋಡುತ್ತಿದ್ದಾಗ, ಸೊಸೆಯ ಕರ್ತವ್ಯವೆಂದು ನಾನು ಆ ತಟ್ಟೆಗೆ ಎಲ್ಲವನ್ನೂ ಬಡಿಸಿದೆ. ಎಡತುದಿಗೆ ಉಪ್ಪು, ಮಧ್ಯಕ್ಕೆ ಬ್ರೆಡ್ಡು, ಸುತ್ತ ಮೀನುಗಳನ್ನು ಮೂಗು ಮುಚ್ಚಿಕೊಂಡು ಕ್ರಮವಾಗಿ. ಒಂದು ಹನಿ ನೀರನ್ನೂ ಸುತ್ತ ಬಿಟ್ಟೆ.

ತಿರುಗಿ ಬಂದವರೆಲ್ಲ ನಿಂತುಬಿಟ್ಟರು. ಆ ತಟ್ಟೆ ಖಾಲಿ ಇರಬೇಕಂತೆ. ದಾರಿ ತಪ್ಪಿದ ಅಪರಿಚಿತರು ಯಾರಾದರೂ ಬಾಗಿಲು ತಟ್ಟಿದರೆ ಅವರಿಗೆ.

ಅತ್ತೆ ಮಾವನಿಗೆ ಹೇಳಿದರು: “ನಿಮ್ಮಪ್ಪ ಬಂದು ಉಣ್ಣಲಿ ಬಿಡು. ಪಾಪ, ಹುಡುಗಿ ಇಷ್ಟು ಚಂದ ಬಡಿಸಿದಾಳೆ.”

ಮಾವ ಮೇಜಿನ ಹತ್ತಿರ ಬಂದರು. ಆ ತಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಅವರ ಚರ್ಚಿನಿಂದ ತಂದಿದ್ದ ಬಿಳಿ ಬಿಲ್ಲೆಯನ್ನು, ಸುಡದ ಹಪ್ಪಳದಷ್ಟು ತೆಳುವಾದದ್ದು, ನನ್ನ ಕೈಗೆ ಕೊಟ್ಟು, ಅದರಿಂದ ಒಂದು ಚೂರು ತಾವು ಮುರಿದುಕೊಂಡರು. ಹಾಗೆ ಮುರಿದುಕೊಳ್ಳುವಾಗ ಒಬ್ಬರಿಗೊಬ್ಬರು ಒಂದು ಹಾರೈಕೆ ಹೇಳಬೇಕು. “ಜಾಸ್ತಿ ತಿನ್ನು,” ಎಂದು ಹಾರೈಸಿದರು. ಅಷ್ಟು ಮೀನಿನ ನಡುವೆ ಆ ಬಿಲ್ಲೆಯನ್ನೂ ಆಲೂಗಡ್ಡೆಯ ಕಡುಬನ್ನೂ ತಿಂದು ನಾನು ಅವತ್ತು ಏಕಾದಶಿ ಮುಗಿಸಿದೆ.

ಆ ಕಡುಬಿನಿಂದಲೇ ಮಾವ ನನ್ನವರಾದದ್ದು. ಅವರಲ್ಲಿ ಅದರ ಅಂಚನ್ನು ಬರಿದೇ ಒತ್ತಿ ಮುಚ್ಚುತ್ತಾರೆ. ನನಗೆ ಕೈ ಸುಮ್ಮನಿರದೆ ಕರಿಗಡುಬಿಗೆ ಹೆಣೆಯುವ ಹಾಗೆ ಅಂಚು ಹೆಣೆದೆ. ಮಾವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, “ಇದಕ್ಕೆ ಜಡೆ ಹಾಕಿದಾಳೆ,” ಅಂದರು. ಬದುಕಿರುವ ತನಕ ಅವರು ತಟ್ಟೆಯಲ್ಲಿ ಮೊದಲು ಹುಡುಕುತ್ತಿದ್ದದ್ದು ಜಡೆಯ ಕಡುಬನ್ನು. ಕ್ರಿಸ್‌ಮಸ್ ಎಂದರೆ ಏನೆಂದು ನನಗೆ ಚರ್ಚಿನಲ್ಲಿ ತಿಳಿಯಲಿಲ್ಲ. ಆ ಮೇಜಿನ ಸುತ್ತ ನಡೆಯುತ್ತಿದ್ದ ಜಗಳದಲ್ಲಿ ಅಷ್ಟಿಷ್ಟು ತಿಳಿಯಿತು.

ಮಾವ ಹೋದ ಮೇಲೆ, ಅತ್ತೆಯ ಬೆರಳಿನ ಗೆಣ್ಣುಗಳು ಊದಿ ಚಾಕು ಹಿಡಿಯಲಾರದಂತಾದಾಗ, ಹಬ್ಬದ ಊಟ ನಮ್ಮ ಮನೆಗೆ ಬಂತು. ಏಳು ಮೀನಿನಲ್ಲಿ ಆರನ್ನು ಅಂಗಡಿಯಿಂದ ತಯಾರಾದದ್ದನ್ನೇ ತರಲು ಅತ್ತೆ ಒಪ್ಪಿದರು. ಏಳನೆಯದನ್ನು ಒಪ್ಪಲಿಲ್ಲ. ಅದರ ಹೆಸರು ಬಕಲಾ. ಉಪ್ಪು ಹಾಕಿ ಒಣಗಿಸಿದ ಮೀನು. ಅಂಗಡಿಯಲ್ಲಿ ಅದನ್ನು ಹಲಗೆಗಳ ಹಾಗೆ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ತಟ್ಟಿದರೆ ಟಕ್ ಎನ್ನುತ್ತದೆ. ತಂದು ನೀರಿನಲ್ಲಿ ಹಾಕಿ, ದಿನಗಟ್ಟಲೆ ಫ್ರಿಜ್ಜಿನಲ್ಲಿಟ್ಟು, ನೀರು ಬದಲಿಸುತ್ತ ಬದಲಿಸುತ್ತ ಅದರ ಉಪ್ಪು ಬಿಡಿಸಬೇಕು. ಆಮೇಲೆ ಟೊಮೇಟೊ, ಆಲಿವ್, ಆಲೂಗಡ್ಡೆ ಹಾಕಿ ಬೇಯಿಸಬೇಕು. “ಇದನ್ನ ನೀನು ಮಾಡು,” ಎಂದು ಅತ್ತೆ ತಮ್ಮ ಅಗಲ ಪಾತ್ರೆಯನ್ನು ನನ್ನ ಮಡಿಲಲ್ಲಿ ಇಟ್ಟರು.

ನಾನು ತಿಪಟೂರಿಗೆ ಫೋನ್ ಮಾಡಿದೆ. ಅಮ್ಮ, “ತಿನ್ನಬೇಡ. ಮಾಡಿ ಬಡಿಸು. ಬಡಿಸೋ ಕೈಗೆ ಮೈಲಿಗೆ ಇಲ್ಲ,” ಅಂದಳು. ಸ್ವಲ್ಪ ತಡೆದು, “ಮೂಗಿಗೆ ಬಟ್ಟೆ ಕಟ್ಟಿಕೋ,” ಎಂದೂ ಸೇರಿಸಿದಳು.

ಬಟ್ಟೆ ಕಟ್ಟಿಕೊಂಡರೆ ಉಪ್ಪಿನ ವಾಸನೆ ಹೇಗೆ ನೋಡಲಿ? ಬಿಚ್ಚಿದರೂ ಪ್ರಯೋಜನವಾಗಲಿಲ್ಲ. ಸಾರಿಗೆ ನಾನು ಹಾಕಿದಷ್ಟೇ ಉಪ್ಪು. ಈ ಮೀನು ತನ್ನ ಉಪ್ಪನ್ನು ತಾನೇ ಹೊತ್ತು ಬಂದಿರುತ್ತದೆ. ನೀರಿಗೆ ಎಷ್ಟು ಬಿಟ್ಟಿತು, ಒಳಗೆ ಎಷ್ಟು ಇಟ್ಟುಕೊಂಡಿತು ಎಂದು ಹಬೆ ಹೇಳುವುದಿಲ್ಲ. ಆಲಿವ್‌ಗೆ ಅದರದೇ ಉಪ್ಪು. ಅಮ್ಮ ಕಲಿಸಿದ ವಿದ್ಯೆ ಆ ಪಾತ್ರೆಯ ಮುಂದೆ ಸೋತಿತು. ಆಗ ಸ್ಟೀವ್ ಬಂದು ಎಡಗಡೆ ನಿಂತು ಬಾಯಿ ತೆರೆದ.

ನಮ್ಮ ಮನೆಯಲ್ಲಿ ಅವನಿಗೆ ಬರುತ್ತಿದ್ದ ಕನ್ನಡ ಮೂರು ಮಾತು: ಸಪ್ಪೆ, ಜಾಸ್ತಿ, ಸಾಕು. ಅಷ್ಟರಲ್ಲೇ ಸಂಸಾರ ಮಾಡಿದ. ನಾನು ಚಮಚ ಚಾಚುವುದು, ಅವನು ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದು, ಆ ಮೂರರಲ್ಲಿ ಒಂದನ್ನು ಹೇಳುವುದು. ಅವನು ಸಾಕು ಎಂದ ಮೇಲೆ ನಾನು ಒಲೆ ಆರಿಸುತ್ತಿದ್ದೆ. ನಾನು ಎಂದೂ ತಿನ್ನದ ಅಡುಗೆಯನ್ನು ಅವನ ನಾಲಿಗೆಯಿಂದ ಅಷ್ಟು ವರ್ಷ ಮಾಡಿದೆ. ಆದರೂ ಊಟಕ್ಕೆ ಕೂತಾಗ ಅತ್ತೆ ಬಿಡುತ್ತಿರಲಿಲ್ಲ. ಬೆಳ್ಳುಳ್ಳಿ ಹೆಚ್ಚಾಯಿತು, ಆಲೂಗಡ್ಡೆ ದಪ್ಪ, ಮೀನು ಪುಡಿಯಾಗಿದೆ, ತಮ್ಮ ತಾಯಿ ಇದನ್ನು ನೋಡಿದ್ದರೆ ಶಿಲುಬೆ ಹಿಡಿದುಕೊಳ್ಳುತ್ತಿದ್ದರು. ಉಪ್ಪಿನ ಬಗ್ಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಅದು ಮಗನ ಇಲಾಖೆ ಎಂದು ಅವರಿಗೆ ಗೊತ್ತಿತ್ತು.

ಹೋದ ವರ್ಷದ ಕ್ರಿಸ್‌ಮಸ್ಸಿಗೆ ಸ್ಟೀವ್‌ಗೆ ಚಿಕಿತ್ಸೆ ನಡೆಯುತ್ತಿತ್ತು. ತಲೆಯ ಕೂದಲು ಹೋಗಿತ್ತು, ಶರಟಿನೊಳಗೆ ಮನುಷ್ಯ ಅರ್ಧ ಉಳಿದಿದ್ದ. ಆದರೂ ಎದ್ದು ಬಂದು, ಫ್ರಿಜ್ಜಿಗೆ ಬೆನ್ನು ಆನಿಸಿ ತನ್ನ ಜಾಗದಲ್ಲಿ ನಿಂತ. ನಾನು ಚಮಚ ಚಾಚಿದೆ.

“ಸಪ್ಪೆ,” ಅಂದ.

ಉಪ್ಪು ಹಾಕಿದೆ.

“ಸಪ್ಪೆ.”

ಇನ್ನೂ ಹಾಕಿದೆ. ಮೂರನೆಯ ಸಲ ನನ್ನ ಮುಖ ನೋಡಿ, “ಸಾಕು,” ಅಂದ.

ಊಟಕ್ಕೆ ಕೂತೆವು. ಜರ್ಸಿ ಸಿಟಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನಮ್ಮ ಮಗಳು ಅನಿತಾ ಬಂದಿದ್ದಳು. ಮೂರು ದೇಶದವರ ಬಾಯಿಗೂ ಸಿಗಲಿ ಎಂದು ಇಟ್ಟ ಹೆಸರು ಅದು. ಅತ್ತೆ ಮೊದಲ ತುತ್ತನ್ನು ಕರವಸ್ತ್ರಕ್ಕೆ ಉಗುಳಿದರು.

“ಜೀಸಸ್! ಏನಿದು, ಸಮುದ್ರಾನೇ ಕುದಿಸಿ ಇಟ್ಟಿದೀಯಾ?”

ಅನಿತಾ ತಿನ್ನದೆ ಫೋರ್ಕ್ ಕೆಳಗಿಟ್ಟಳು. ಸ್ಟೀವ್ ಮಾತ್ರ ತಿನ್ನುತ್ತಲೇ ಇದ್ದ, ತುಂಡಿನ ಮೇಲೆ ತುಂಡು, ಮಾಮೂಲಿ ಹಾಗೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ನಿಲ್ಲಿಸಿದ. “ಎಲ್ಲ ಕಬ್ಬಿಣದ ಹಾಗಿರುತ್ತೆ, ಅಮ್ಮ. ಬಹಳ ದಿನ ಆಯ್ತು,” ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಅವನ ನಾಲಿಗೆ ಯಾವಾಗಲೋ ಹೋಗಿತ್ತು. ನಾನು ದಿನಾ ಚಾಚಿದ ಚಮಚಕ್ಕೆ ಅವನು ನೆನಪಿನಿಂದ ಉತ್ತರ ಹೇಳುತ್ತಿದ್ದ. ಅತ್ತೆ ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಹಳ ಹೊತ್ತು ಸುರಿಯಿತು.

ಏಪ್ರಿಲ್‌ನಲ್ಲಿ ಆಸ್ಪತ್ರೆಯಲ್ಲಿ ಒಣಗಿದ ತುಟಿಗೆ ನಾನು ಮಂಜುಗಡ್ಡೆಯ ಚೂರು ಇಡುತ್ತಿದ್ದೆ. ಒಂದು ಮಧ್ಯಾಹ್ನ ಮುಖ ಪಕ್ಕಕ್ಕೆ ಮಾಡಿ “ಸಾಕು” ಅಂದ. ನಾನು ಬಟ್ಟಲು ಕೆಳಗಿಟ್ಟೆ. ಆಮೇಲೆ ಅವನು ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಈ ಡಿಸೆಂಬರ್‌ನಲ್ಲಿ ಅನಿತಾ ಫೋನ್ ಮಾಡಿ, “ಅಮ್ಮಾ, ಲೆಟ್ಸ್ ಸ್ಕಿಪ್ ಇಟ್ ದಿಸ್ ಇಯರ್,” ಅಂದಳು. ನನಗೂ ಅದೇ ಬೇಕಾಗಿತ್ತು. ಪಾತ್ರೆಯನ್ನು ಬೇಸ್‌ಮೆಂಟಿನಲ್ಲಿ ಇಟ್ಟುಬಿಟ್ಟಿದ್ದೆ. ಅತ್ತೆ ಈಗ ವಯಸ್ಸಾದವರಿಗೆಂದೇ ಇರುವ ಒಂದು ಮನೆಯಲ್ಲಿದ್ದಾರೆ. ಅಲ್ಲಿಯೂ ಹಬ್ಬಕ್ಕೆ ಟರ್ಕಿ ಕೋಳಿಯ ಊಟ ಹಾಕುತ್ತಾರೆ, ಯಾರೋ ಬಂದು ಪಿಯಾನೋ ನುಡಿಸುತ್ತಾರೆ. ಈ ಸಲ ಇಲ್ಲ ಎಂದು ಹೇಳಲು ನಾನೇ ಅವರಿಗೆ ಫೋನ್ ಮಾಡಿದೆ. ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು.

“ಮೀನು ನೆನೆ ಹಾಕಿದೀಯಾ?”

ಮಗ ಹೋದ ಮೇಲೆ ಅವರು ಏನನ್ನೂ ಕೇಳಿರಲಿಲ್ಲ. ಹೊದಿಕೆ ಕೇಳಲಿಲ್ಲ, ಔಷಧಿ ಕೇಳಲಿಲ್ಲ, ನಾನು ಯಾಕೆ ಭಾನುವಾರ ಬರಲಿಲ್ಲ ಎಂದು ಕೇಳಲಿಲ್ಲ. ಇದನ್ನು ಕೇಳಿದರು.

“ಹಾಕ್ತಿದೀನಿ, ಮಾ,” ಅಂದೆ.

ಹಾಕಿದೆ. ನೀರು ಬದಲಿಸಿದೆ. ಹಾಗೆ ಬದಲಿಸುವಾಗಲೆಲ್ಲ ಒಂದೇ ಚಿಂತೆ: ಉಪ್ಪು ನೋಡುವವರು ಯಾರು? ಅತ್ತೆಗೆ ಇನ್ನೊಂದು ಸಲ ಆ ಸಮುದ್ರವನ್ನು ಬಡಿಸಲಾರೆ. ಹೋದ ವರ್ಷದ ತುತ್ತು ಅವರ ಬಾಯಲ್ಲಿ ಇನ್ನೂ ಇರುತ್ತದೆ. ಅದನ್ನು ತೆಗೆದು ಅಲ್ಲಿ ಮಗ ‘ಸಾಕು’ ಅನ್ನುತ್ತಿದ್ದ ಕಾಲದ ಒಂದು ತುತ್ತನ್ನು ಇಡಬೇಕು. ನನ್ನ ಕೈಲಿ ಅವರಿಗೆ ಕೊಡಲು ಉಳಿದದ್ದು ಅದೊಂದೇ. ಅನಿತಾಳಿಗೆ ಬೇಗ ಬಂದು ರುಚಿ ನೋಡು ಎಂದೆ. “ನಂಗೆ ಹೇಗೆ ಗೊತ್ತಾಗುತ್ತೆ, ಅಮ್ಮಾ? ದಟ್ ವಾಸ್ ಡ್ಯಾಡ್ಸ್ ಜಾಬ್,” ಅಂದಳು. ಅಜ್ಜಿಯನ್ನು ಕರೆದುಕೊಂಡು ಬರಬೇಕಾದ್ದರಿಂದ ಹೇಗೂ ಅವಳು ಬರುವುದು ಸಂಜೆಗೇ. ಅಕ್ಕನನ್ನು ಕೇಳುವ ಹಾಗಿಲ್ಲ. ಪಕ್ಕದ ಮನೆಯವರನ್ನು ಕರೆದು ತಿನ್ನಿಸಲೇ ಎಂದು ಕೂಡ ಯೋಚಿಸಿದೆ. ಅವರು ಗುಜರಾತಿನವರು, ಈರುಳ್ಳಿಯನ್ನೂ ತಿನ್ನುವುದಿಲ್ಲ.

ಹಬ್ಬದ ಹಿಂದಿನ ಮಧ್ಯಾಹ್ನ ಪಾತ್ರೆ ಕುದಿಯುತ್ತಿತ್ತು. ಹೊರಗೆ ಹಿಮವಿಲ್ಲ, ಮಳೆಯಿಲ್ಲ, ಬಿಸಿಲೂ ಇಲ್ಲ, ತೊಳೆದ ಸ್ಲೇಟಿನ ಹಾಗೆ ಒಂದು ಆಕಾಶ. ಮುಚ್ಚಳ ತೆಗೆದು ಒಂದು ಚೂರು ಮೀನು, ಸ್ವಲ್ಪ ರಸ ಚಮಚಕ್ಕೆ ತೆಗೆದುಕೊಂಡೆ. ಅಮ್ಮ ಈಗ ಇಲ್ಲ, ಇದ್ದಿದ್ದರೂ ನಾನು ಅವಳಿಗೆ ಹೇಳುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡೆ.

ಇಷ್ಟು ವರ್ಷ ಹೆದರಿದ್ದಂತೆ ಏನೂ ಆಗಲಿಲ್ಲ. ವಾಕರಿಕೆ ಬರಲಿಲ್ಲ, ಅಳು ಬರಲಿಲ್ಲ. ಒದ್ದೆ ಹತ್ತಿಯನ್ನು ಅಗಿದ ಹಾಗೆ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಸ್ಟೀವ್ ಕಣ್ಣು ಮುಚ್ಚುತ್ತಿದ್ದ ಹಾಗೆ ನಾನೂ ಕಣ್ಣು ಮುಚ್ಚಿದೆ. ಅವನು ಅಷ್ಟು ವರ್ಷ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದದ್ದು ಏನು ಎಂಬುದು ನನಗೀಗ ತಿಳಿಯುತ್ತದೆ, ಅಲ್ಲಿ ಎಲ್ಲೋ ಅವನು ಸಿಗುತ್ತಾನೆ ಎಂದು ನನ್ನೊಳಗೆ ಒಂದು ಆಸೆ ಇತ್ತೆಂದು ಕಾಣುತ್ತದೆ. ಸಿಗಲಿಲ್ಲ. ಉಪ್ಪು ಸಿಕ್ಕಿತು. ಉಪ್ಪು ಇದೆ ಎಂದು ಗೊತ್ತಾಯಿತು, ಇಷ್ಟು ಇರಬೇಕೇ ಎಂದು ಗೊತ್ತಾಗಲಿಲ್ಲ. ಸಾರಿನಲ್ಲಾಗಿದ್ದರೆ ಒಂದು ಹರಳು ಹೆಚ್ಚು ಕಮ್ಮಿಯನ್ನು ಹೇಳುತ್ತಿದ್ದೆ. ಇದು ಸರಿಯಾಗಿದ್ದಾಗ ಹೇಗಿರುತ್ತದೆ ಎಂದು ನಾನು ಒಮ್ಮೆಯೂ ತಿಂದು ನೋಡಿರಲಿಲ್ಲವಲ್ಲ. ಇನ್ನೊಂದು ಚೂರು ತಿಂದೆ. ಮತ್ತೊಂದು. ಒಂದು ಸಲ ಸಪ್ಪೆ ಅನ್ನಿಸಿತು, ಒಂದು ಸಲ ಜಾಸ್ತಿ ಅನ್ನಿಸಿತು. ಅವನು ಸಾಕು ಎಂದಾಗ ಇದ್ದ ರುಚಿ ಅವನ ಜೊತೆಯೇ ಹೋಗಿತ್ತು. ಮುಟ್ಟದ್ದನ್ನು ಮುಟ್ಟಿದ್ದೂ ವ್ಯರ್ಥವಾಯಿತು. ಒಂದು ಚಿಟಿಕೆ ಉಪ್ಪು ಹಾಕಿ, ಹೆಚ್ಚಾಯಿತೇನೋ ಎಂದು ನೀರು ಹಾಕಿ, ನೀರಾಯಿತೆಂದು ಕುದಿಸಿ, ಕೊನೆಗೆ ಒಲೆ ಆರಿಸಿದೆ.

ಐದು ಗಂಟೆಗೆ ಅನಿತಾ ಅಜ್ಜಿಯನ್ನು ಕರೆದುಕೊಂಡು ಬಂದಳು. ಅತ್ತೆ ಇನ್ನೂ ಸಣ್ಣಗಾಗಿದ್ದರು. ಕೋಟು ಬಿಚ್ಚಿದರೆ ಒಳಗೆ ಇನ್ನೊಂದು ಕೋಟು. ಅನಿತಾ ಮೇಜಿಗೆ ತಟ್ಟೆ ಇಡುತ್ತ, ಹೆಚ್ಚಿನದೊಂದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ಇಡು ಎಂದೆ. ಅತ್ತೆ ಆ ಕುರ್ಚಿಯ ಮೇಲೆ ತಮ್ಮ ಹ್ಯಾಂಡ್‌ಬ್ಯಾಗ್ ಇಟ್ಟರು. ನಕ್ಷತ್ರ ನೋಡಲು ಯಾರೂ ಕಿಟಕಿಗೆ ಹೋಗಲಿಲ್ಲ.

ನಾನು ಬಡಿಸಿ ಎದುರಿಗೆ ಕೂತೆ. ಅತ್ತೆಯ ಫೋರ್ಕ್ ತಟ್ಟೆಯಿಂದ ಬಾಯಿಗೆ ಹೋಗುವ ತನಕ ಉಸಿರು ಬಿಡಲಿಲ್ಲ. ಅಗಿದರು. ನುಂಗಿದರು. ಇನ್ನೊಂದು ತುಂಡು ತೆಗೆದುಕೊಂಡರು. ಬೆಳ್ಳುಳ್ಳಿಯ ಮಾತಿಲ್ಲ, ಆಲೂಗಡ್ಡೆಯ ಮಾತಿಲ್ಲ.

“ಉಪ್ಪು?” ಎಂದು ಕೇಳಿದೆ.

“ಗುಡ್, ಹನಿ.”

ಅನಿತಾಳ ಲೋಟ ಆಗಲೇ ಖಾಲಿಯಾಗಿತ್ತು. ಜಗ್ಗನ್ನು ಹತ್ತಿರ ಎಳೆದುಕೊಂಡು ಮತ್ತೆ ತುಂಬಿಸಿಕೊಂಡಳು, ಒಂದೇ ಗುಟುಕಿಗೆ ಕುಡಿದಳು. ನಾನು ನೋಡಿದ್ದನ್ನು ನೋಡಿ, “ಇಟ್ಸ್ ರಿಯಲಿ ಗುಡ್, ಅಮ್ಮಾ,” ಅಂದಳು.

“ಮಾ, ನಿಜ ಹೇಳಿ,” ಅಂದೆ. “ನಂಗೆ ಗೊತ್ತಾಗಲ್ಲ. ನೀವು ಹೇಳಿದ್ರೆ ಮುಂದಿನ ಸಲ ಸರಿ ಮಾಡ್ತೀನಿ. ಜಾಸ್ತಿ ಆಗಿದೆಯಾ?”

ಅತ್ತೆ ಬ್ರೆಡ್ಡಿನಿಂದ ತಟ್ಟೆಯ ರಸವನ್ನೆಲ್ಲ ಒರೆಸಿ ಬಾಯಿಗೆ ಹಾಕಿಕೊಂಡರು. ಊದಿದ ಬೆರಳುಗಳಿಂದ ಖಾಲಿ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

“ಸರಿಯಾಗಿದೆ ಅಂದೆನಲ್ಲ. ಇನ್ನೊಂದು ತುಂಡು ಹಾಕು.”

ನನ್ನ ಕೈಯ ಮೀನನ್ನು ಅವರು ಎರಡನೆಯ ಸಲ ಹಾಕಿಸಿಕೊಂಡದ್ದು ನಾನು ಕಂಡಿರಲಿಲ್ಲ. ಬಡಿಸಿದೆ. ಅದನ್ನೂ ಪೂರ್ತಿ ತಿಂದರು, ನನ್ನ ಮುಖ ನೋಡದೆ.